ಹಚಾ ಅಂದರೆ ಬರುವ ನಾಯಿ

ಗೋಗಿಯ ಹಣಮಂತಮ್ಮ ಕುಂತಳೆಂದರೆ ಏಳಿಸುವುದು ಸರ್ಕಾರದಿಂದಲೂ ಆಗುತ್ತಿರಲಿಲ್ಲ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬಾರದ ವರ್ಷ ಶಹಾಪುರದ ಕಚೇರಿಯೊಂದರ ಬಾಗಿಲಿಗೆ ಅಡ್ಡಲಾಗಿ ಅವಳು ಕುಂತದ್ದನ್ನು, ಸಾಹೇಬರು ನಿಯಮಾವಳಿಯನ್ನೆಲ್ಲ ವಿವರಿಸಿ ಬೆವರು ಒರೆಸಿಕೊಂಡಾಗ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ "ಮುಂದ?" ಎಂದದ್ದನ್ನು ನೀರಿಗಾಗಿ ಚಳವಳಿ ಮಾಡುತ್ತಿದ್ದ ನಾವೆಲ್ಲ ಕಂಡವರು. ಸುಡು ಬೇಸಿಗೆಯಲ್ಲೂ ಸೀರೆಯ ಮೇಲೆ ಗಂಡಸರ ಖಾಕಿ ಕೋಟು, ಎಡಗಾಲನ್ನು ಹೊರಕ್ಕೆಸೆದು ನಡೆಯುವ ಬಿರುಸು ನಡಿಗೆ. ಕನಿಕರವೆಂಬುದನ್ನು ಆ ಮುಖದಲ್ಲಿ ಹುಡುಕಿದರೂ ಸಿಗದು. ಅಂಥವಳು ಮುದಿನಾಯಿಯೊಂದನ್ನು ಸಾಕಿಕೊಂಡಿದ್ದಾಳೆಂದರೆ ನಾವು ನಂಬಲಿಲ್ಲ.

ಅದು ಕಾಲುವೆ ಕೆಲಸದ ಕ್ಯಾಂಪಿನ ನಾಯಿ. ಕ್ಯಾಂಪು ಕಿತ್ತುಹೋದಾಗ ಹಿಂದೆ ಉಳಿದದ್ದು. ಎರಡೂ ಕಣ್ಣಿಗೆ ಪೊರೆ, ಹಿಂಗಾಲು ಎಳೆಯುತ್ತಿತ್ತು, ಬಾಯಲ್ಲಿ ಹಲ್ಲೂ ಅಷ್ಟಕ್ಕಷ್ಟೇ. ರೊಟ್ಟಿಯ ವಾಸನೆ ಹಿಡಿದು ಹಣಮಂತಮ್ಮನ ಓಣಿಗೆ ಬಂತು. ನೆರೆಮನೆಯ ಮಲ್ಕಪ್ಪ ಹಚಾ ಎಂದು ಗದರಿದರೆ ಬಾಲ ಆಡಿಸುತ್ತ ಅವನತ್ತಲೇ ತೆವಳಿತು. ಕಲ್ಲು ಬಿತ್ತು, ಕುಂಯ್ ಎಂದಿತು. ಮತ್ತೆ ಹಚಾ ಎಂದರೆ ಮತ್ತೆ ಬಂತು. ಇದಕ್ಕೆ ಹುಚ್ಚು ಹಿಡಿದಿದೆಯೆಂದು ಓಣಿ ತೀರ್ಮಾನಿಸಿತು. ಚೀಲದಲ್ಲಿ ಕಟ್ಟಿ ಕಾಲುವೆಗೆ ಎಸೆಯುವುದೆಂದು ಮಲ್ಕಪ್ಪ ಗೋಣಿಚೀಲ ತಂದ.

ಹಣಮಂತಮ್ಮ ಬಂದವಳೇ ಆ ಚೀಲದ ಮೇಲೆ ಕುಂತುಬಿಟ್ಟಳು.

"ಏಳು ಯಕ್ಕಾ. ಹಚಾ ಅಂದ್ರ ಮೈಮ್ಯಾಲ ಬರ್ತದ. ಹುಚ್ಚಲ್ದ ಮತ್ತೇನು?"

"ನೀ ಕರದಿ, ಅದು ಬಂತು. ಅದರ ಹೆಸರಽ ಹಚಾ."

ಆ ಕ್ಯಾಂಪಿನಲ್ಲಿ ಮಣ್ಣು ಹೊತ್ತವಳು ಅವಳು. ಅಲ್ಲಿನ ವಾಚ್‌ಮನ್ ತೆಲುಗಿನವನು. ಈ ಸೀಮೆಯ ಜನ ನಾಯಿ ಕಂಡಾಗಲೆಲ್ಲ ಅದೊಂದೇ ಮಾತು ಆಡುವುದನ್ನು ಕೇಳಿ, ಕನ್ನಡದಲ್ಲಿ ನಾಯಿಯನ್ನು ಕರೆಯುವುದೇ ಹೀಗೆಂದು ತಿಳಿದು, ಅನ್ನ ಹಾಕುವಾಗ ಮುದ್ದಿನಿಂದ ಹಚಾ, ಹಚಾ ಎನ್ನುತ್ತಿದ್ದ. ಹೆಣ್ಣಾಳುಗಳು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ಯಾರೂ ತಿದ್ದಲಿಲ್ಲ.

"ಹಂಗಂತ ಯಾರರ ಹೆಸರಿಡ್ತಾರೇನು?" ಎಂದ ಮಲ್ಕಪ್ಪ.

"ನಿನಗ ಮಲ್ಕಪ್ಪ ಅಂತ ಇಟ್ಟಾಗ ಯಾರರ ಕೇಳ್ಯಾರೇನು?"

ಕೋಟಿನಲ್ಲಿ ಸುತ್ತಿಕೊಂಡು, ಆಟೋದವನ ಗೊಣಗಾಟ ಕೇಳಿಸಿಕೊಳ್ಳದೆ, ಅವಳು ಅದನ್ನು ಶಹಾಪುರದ ದನದ ದವಾಖಾನೆಗೆ ಒಯ್ದಳು. ಹುಚ್ಚಿನ ಲಕ್ಷಣವಿಲ್ಲ, ಆದರೆ ಕಣ್ಣೂ ಕಾಲೂ ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಅವಳು "ಮುಂದ?" ಎಂದಳು. ಅವರು ಸೂಜಿ ಚುಚ್ಚಿ, ಆಮೇಲೆ ಒಂದೊಂದಾಗಿ ಹೇಳಬೇಕಾಯಿತು: ಮಲಗಿದ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ, ಹಾಸಿಗೆ ಒದ್ದೆಯಿರಬಾರದು, ಉಣಿಸು ಮೆತ್ತಗಿರಬೇಕು. ಕಾಲುವೆ ಬಂದ ಮೇಲೆ ಊರಲ್ಲಿ ಹೇರಳವಾದ ಭತ್ತದ ಹುಲ್ಲು ಅದರ ಹಾಸಿಗೆಯಾಯಿತು. ರೊಟ್ಟಿ ಮಜ್ಜಿಗೆಯಲ್ಲಿ ನೆನೆಯಿತು. ಹಳೆಯ ಸೀರೆಯನ್ನು ಹೊಟ್ಟೆಯಡಿ ಜೋಲಿಯಂತೆ ಹಾಕಿ ಹಿಂಭಾಗ ಎತ್ತಿಹಿಡಿದು ಅವಳು ಅದನ್ನು ಬಯಲಿಗೆ ನಡೆಸುತ್ತಿದ್ದರೆ, ಬೈಗುಳದ ಹೊರತು ಬೇರೆ ಲಾಲಿ ಇರುತ್ತಿರಲಿಲ್ಲ.

ತೊಡಕು ಉಳಿದದ್ದು ಹೆಸರಿನದು. ಓಣಿಯಲ್ಲಿ ಯಾರು ಯಾವ ನಾಯಿಯನ್ನು ಅಟ್ಟಿದರೂ ಇದು ಹುಲ್ಲಿನಿಂದೆದ್ದು ಏಟಿನ ಕಡೆಗೇ ಹೊರಡುತ್ತಿತ್ತು. ಬಾ ಎಂಬುದನ್ನು ಕಲಿಸಲು ಅವಳು ಬಹಳ ಹೆಣಗಿದಳು; ಮುದಿಕಿವಿ ಹೊರಳಲಿಲ್ಲ. ಕೊನೆಗೆ ಮನೆಮನೆಯ ಕಟ್ಟೆ ಹತ್ತಿ ಕುಂತಳು. ಇನ್ನು ಮೇಲೆ ಈ ಓಣಿಯಲ್ಲಿ ಹಚಾ ಎಂಬ ಮಾತು ಬೇಡ, ನಾಯಿ ಓಡಿಸಬೇಕಾದರೆ ಚಪ್ಪಾಳೆ ತಟ್ಟಿರಿ ಎಂದಳು. ಜನ ನಕ್ಕರು, ರೇಗಿದರು. ಅವಳು ಏಳುವ ಲಕ್ಷಣ ಕಾಣದೆ ಒಪ್ಪಿದರು. ಈಗ ಅಲ್ಲಿ ಬೀದಿನಾಯಿಗಳು ಚಪ್ಪಾಳೆಗೆ ಓಡುತ್ತವೆ. ಮಲ್ಕಪ್ಪ ಮಾತ್ರ ಆಗಾಗ ಬಾಯಿತಪ್ಪಿ ಹಚಾ ಎಂದುಬಿಡುತ್ತಾನೆ. ಕುರುಡುನಾಯಿ ತೆವಳುತ್ತ ಅವನ ಹೊಸ್ತಿಲಿಗೆ ಬರುತ್ತದೆ. "ಕರದೀನಿ ಅಂದಮ್ಯಾಲ ಹಂಗಽ ಕಳಿಸಾಕಾಗ್ತದೇನು?" ಎಂದು ಗೊಣಗುತ್ತ ರೊಟ್ಟಿ ನೆನೆಹಾಕುತ್ತಾನೆ.

ಹಣಮಂತಮ್ಮನಂಥವರಿಗೆ ಭಾಷಣ ಬಾರದು, ದಯೆಯ ಮಾತು ಬಾಯಿಗೇ ಬಾರದು. ಕಲಿಯುವ ಶಕ್ತಿ ಮುಗಿದ ಜೀವವನ್ನು ಅದರ ಪಾಡಿಗೆ ಬಿಟ್ಟು, ಕಲಿಯಬಲ್ಲವರ ಹೊಸ್ತಿಲಲ್ಲಿ ಹೋಗಿ ಕುಂತುಕೊಳ್ಳುವುದಷ್ಟೇ ಅವರಿಗೆ ಗೊತ್ತು. ಊರುಗಳು ಒಂದಿಷ್ಟು ಮನುಷ್ಯರ ಊರುಗಳಾಗುವುದು ಅಂಥವರ ಈ ಮೊಂಡುತನದಿಂದಲೇ.