ಎತ್ತಿಟ್ಟ ರಿಸೀವರ್

ಬ್ಯಾಡಗಿಯ ಮೆಣಸಿನಕಾಯಿ ದಲಾಲ ಮಾಲತೇಶನಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಟಿವಿ ನೋಡಿ ಅದೇ ಮೂಗು ಹಿಡಿದು ಪ್ರಾಣಾಯಾಮ ಮಾಡಲು ಕಲಿತ ಮೇಲೆ ಮನುಷ್ಯ ತಣ್ಣಗಾದನೆಂದು ಪೇಟೆಯಲ್ಲೆಲ್ಲ ಹೊಗಳಿಕೆ. ಸುಗ್ಗಿಯಲ್ಲಿ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಚೀಲ ಬಂದು ಬೀಳುತ್ತಿದ್ದವು. ರೈತರು ಕೂಗಾಡಿದರೂ ಖರೀದಿದಾರರು ಕೊಸರಾಡಿದರೂ ಮಾಲತೇಶ ನಗುನಗುತ್ತ ಕೂತಿರುತ್ತಿದ್ದ. ‘ಎಲ್ಲಾ ಯೋಗದ ಪ್ರಭಾವರಿ’ ಎನ್ನುತ್ತಿದ್ದ.

ಆ ಪ್ರಭಾವಕ್ಕಾಗಿ ಹೆಂಡತಿ ನಾಗರತ್ನಾ ಎಷ್ಟು ಸವೆಯುತ್ತಿದ್ದಳೆಂದು ಯಾರೂ ಕೇಳಲಿಲ್ಲ. ಏಳುತ್ತಲೇ ಅಮೃತಬಳ್ಳಿಯ ಕಷಾಯ, ಸ್ನಾನಕ್ಕೆ ಮೊದಲು ನೆತ್ತಿಗೆ ಎಳ್ಳೆಣ್ಣೆ, ಮಲಗುವಾಗ ಅಶ್ವಗಂಧದ ಹಾಲು. ಪಿತ್ತ ಕೆರಳುತ್ತದೆಂದು ಅವನ ಪಲ್ಯಕ್ಕೆ ಮೆಣಸಿನಕಾಯಿ ಹಾಕುವಂತಿರಲಿಲ್ಲ, ಮೆಣಸಿನಕಾಯಿ ದಲಾಲನ ಮನೆಯಲ್ಲಿ! ನಸುಕಿನಲ್ಲಿ ಅವನು ಚಾಪೆಯ ಮೇಲೆ ಕೂತನೆಂದರೆ ಪಾತ್ರೆಯ ಸಪ್ಪಳವೂ ಆಗಬಾರದು. ಮೊಬೈಲು ಬಂದ್. ಪಡಸಾಲೆಯ ಫೋನಿನ ರಿಸೀವರನ್ನು ನಾಗರತ್ನಾ ಎತ್ತಿ ಪಕ್ಕಕ್ಕಿಡಬೇಕು.

ಆ ವರ್ಷ ಸುಗ್ಗಿಯಲ್ಲೇ ಮೋಟೆಬೆನ್ನೂರಿನಲ್ಲಿದ್ದ ಅವಳ ತಾಯಿ ಮರಿಯವ್ವನಿಗೆ ಉಬ್ಬಸ ಏರಿತು. ಹಾವೇರಿಯ ಆಸ್ಪತ್ರೆಗೆ ಸೇರಿಸಿದರು. ನಾಗರತ್ನಾ ಹೋಗಿ ಮಂಚದ ಪಕ್ಕದಲ್ಲೇ ಕೂತಳು. ಮುದುಕಿ ಅವಳ ಕೈ ಬಿಡಲಿಲ್ಲ.

‘ರತ್ನಾ, ಇಲ್ಲೇ ಇರವಾ. ನೀ ಇದ್ರ ಅಂಜಿಕಿ ಆಗೂದಿಲ್ಲ.’

ಮರುದಿನ ಆಸ್ಪತ್ರೆಯ ಫೋನಿಗೆ ಮಾಲತೇಶನ ಕರೆ ಬಂತು. ‘ನಿನ್ನ ತಮ್ಮ ಹನುಮೇಶ ಅದಾನಲ್ಲ, ಅಂವಾ ನೋಡ್ಕೊಂತಾನ. ಇಲ್ಲಿ ನನ್ನ ಪಥ್ಯ ತಪ್ಪಿ ಮನಸ್ಸು ಹತೋಟಿಗೆ ಬರವಲ್ದು. ಪ್ಯಾಟ್ಯಾಗ ಒಬ್ಬಾಂವನ ಮ್ಯಾಲೆ ಕೈ ಎತ್ತಾಂವ ಇದ್ದೆ. ಲಗೂ ಬಾ.’

ಹೋಗಬಾರದಿತ್ತು. ಆದರೂ ಹೋದಳು. ಹೊರಡುವಾಗ ತಮ್ಮನಿಗೆ ಹೇಳಿದಳು: ‘ಯಾವಾಗರ ಆಗಲಿ, ಫೋನ್ ಮಾಡು. ಸಿಕ್ಕ ಗಾಡಿ ಹತ್ತಿ ಬರ್ತೇನಿ.’

ಮರುದಿನ ನಸುಕಿನಲ್ಲಿ ಮಾಲತೇಶ ಚಾಪೆ ಹಾಸಿದ. ಒಲೆಯ ಕಡೆ ಹೊರಟಿದ್ದ ನಾಗರತ್ನಾ ದಾರಿಯಲ್ಲೇ ಕೈಚಾಚಿ, ವರ್ಷಗಟ್ಟಲೆಯ ರೂಢಿಯಂತೆ, ರಿಸೀವರ್ ಎತ್ತಿಟ್ಟಳು. ಕೈ ಏನು ಮಾಡಿತೆಂದು ಅವಳಿಗೇ ಅರಿವಿರಲಿಲ್ಲ. ಸಪ್ಪಳವಾಗದಂತೆ ಕಷಾಯ ಕಾಸುತ್ತ, ಫೋನು ಬರಲಿಲ್ಲವಲ್ಲ, ಅವ್ವ ಆರಾಮ ಇರಬೇಕು ಎಂದುಕೊಂಡಳು.

ಬಿಸಿಲೇರಿದ ಮೇಲೆ ಅವನು ಎದ್ದ. ನಾಗರತ್ನಾ ರೂಢಿಯಂತೆ ರಿಸೀವರ್ ಮರಳಿ ಇಡುತ್ತಲೇ ಫೋನು ಹೊಡೆದುಕೊಂಡಿತು.

‘ಅಕ್ಕಾ, ನಸುಕಿನಿಂದ ಫೋನ್ ಬೂತಿಗೂ ಅವ್ವನ ಮಂಚಕ್ಕೂ ಓಡ್ಯಾಡಾಕತ್ತೇನಿ,’ ಹನುಮೇಶ ಅಳುತ್ತಿದ್ದ. ‘ಯಾವಾಗ ಹಚ್ಚಿದ್ರೂ ಎಂಗೇಜ್. ಮಾಮಾರ ಮೊಬೈಲೂ ಬಂದ್. ರತ್ನಾ ಬಂದ್ಲೇನು, ರತ್ನಾ ಬಂದ್ಲೇನು ಅಂತ ಕೇಳಿ ಕೇಳಿ ಅವ್ವ ಈಗಷ್ಟ ಹೋಗಿಬಿಟ್ಲು.’

ಮೋಟೆಬೆನ್ನೂರಿನ ಅಂಗಳದಲ್ಲಿ ನಾಗರತ್ನಾ ಎದೆ ಬಡಿದುಕೊಂಡು ಅತ್ತಳು. ಮಾಲತೇಶ ಬಂದು, ನಾಲ್ಕು ಮಂದಿಯ ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟ. ‘ಉಸಿರು ಉದ್ದಕ ತಗೋ. ಮನಸ್ಸು ತಾನ ನಿಲ್ತದ.’ ಎಂಥ ಸಮಾಧಾನದ ಮನುಷ್ಯ ಎಂದು ಮಂದಿ ತಲೆದೂಗಿದರು. ಅವಳಿಗೆ ಅವನ ಕೈ ಕಚ್ಚಬೇಕೆನಿಸಿತು. ಆದರೆ ರಿಸೀವರ್ ಎತ್ತಿದ್ದು ತನ್ನ ಕೈ. ಅದನ್ನು ಯಾರ ಮುಂದೆ ಹೇಳಿಕೊಂಡು ಅಳುವುದು?

ಕರ್ಮಾಂತರ ಮುಗಿಸಿ ಬ್ಯಾಡಗಿಗೆ ಮರಳಿದ ಮೇಲೆ ಅವನು ಮತ್ತೆ ನಸುಕಿನಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿದ. ನಾಗರತ್ನಾ ಫೋನನ್ನು ವಯರಿನ ಸಮೇತ ಎಳೆದು ತಂದು ಅವನ ಮೊಣಕಾಲ ಬಳಿ ಇಟ್ಟಳು. ರಿಸೀವರ್ ಅದರ ಮೇಲೆಯೇ ಇತ್ತು. ಒಲೆ ಹೊತ್ತಿಸಲಿಲ್ಲ. ಗೋಡೆಗೆ ಒರಗಿ ಕೂತಳು.

ಸುಗ್ಗಿಯ ದಿನಗಳ ಫೋನು ಬಹಳ ಹೊತ್ತು ಸುಮ್ಮನಿರಲಿಲ್ಲ. ಹೊಡೆದುಕೊಳ್ಳತೊಡಗಿತು.

ಅವನು ಮೂಗು ಹಿಡಿದೇ ಒಂದು ಕಣ್ಣು ತೆರೆದ. ‘ನಾಗರತ್ನಾ, ಫೋನು!’

ಅವಳು ಏಳಲಿಲ್ಲ.

‘ಏ, ಕಿವಿ ಕೇಳಸ್ತಾವೋ ಇಲ್ಲೋ? ತಗದಿಡು ಅದನ್ನ!’ ಮೂಗು ಬಿಟ್ಟು ಕೂಗಿದ. ಪೇಟೆ ಮರೆತಿದ್ದ ಆ ಹಳೆಯ ದನಿ ಮನೆ ತುಂಬಿತು.

‘ಉಸಿರು ಉದ್ದಕ ತಗೋರಿ,’ ನಾಗರತ್ನಾ ಹೇಳಿದಳು. ‘ನಾ ಇನ್ನ ಅದನ್ನ ಮುಟ್ಟೂದಿಲ್ಲ.’