ಹಿರಿಯ ಮಹಿಳಾ ಸಿಬ್ಬಂದಿಯೊಬ್ಬರು

ತನ್ನ ಬಗ್ಗೆ ತಾನೇ ಓದಿಕೊಂಡು, ತನ್ನ ಬಗ್ಗೆಯೇ ಪರೀಕ್ಷೆ ಬರೆಯುವ ಯೋಗ ಎಷ್ಟು ಜನಕ್ಕೆ ಬರುತ್ತದೋ ಗೊತ್ತಿಲ್ಲ. ಅಕ್ಕನಿಗೆ ಬಂತು. ಸಂಜೆ ಕಾಲೇಜಿನ ಎಂಬಿಎ ತರಗತಿಯಲ್ಲಿ, ಮಾಹಿತಿ ನಿರ್ವಹಣೆ ಎಂಬ ಕೊನೆಯ ವಿಷಯಕ್ಕೆಂದು ಪ್ರೊಫೆಸರು ಒಂದು ಕೇಸ್ ಸ್ಟಡಿ ಹಂಚಿದರು. ಅದರ ಮೂರನೆಯ ಪುಟದಲ್ಲಿ ಅವಳಿದ್ದಳು.

ಹೆಸರೇನೂ ಇರಲಿಲ್ಲ. "ಔಷಧ ಉಗ್ರಾಣದ ಹಿರಿಯ ಮಹಿಳಾ ಸಿಬ್ಬಂದಿಯೊಬ್ಬರು" ಎಂದಿತ್ತು. ಆಸ್ಪತ್ರೆಗೂ ಹೆಸರಿರಲಿಲ್ಲ, "ಒಂದು ದೊಡ್ಡ ಆಸ್ಪತ್ರೆ" ಅಷ್ಟೇ. ಆದರೆ ಎರಡು ಬಾಗಿಲಿನ ಉಗ್ರಾಣ, ನೀಲಿ ಟ್ರಾಲಿಗಳು, ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದ ತಿಂಗಳಲ್ಲೇ ಅದರ ಪ್ಲಗ್ ಕಿತ್ತೆಸೆದ ಹೆಂಗಸು, ಇಷ್ಟೂ ಒಂದೇ ಕಡೆ ಕೂಡಿಬರುವ ಇನ್ನೊಂದು ಆಸ್ಪತ್ರೆ ಎಲ್ಲಿರಬೇಕು? ಪುಟ ತಿರುಗಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಅಂಗಾಲಿನಲ್ಲಿ ಹುಟ್ಟಿದ ಸಿಟ್ಟು ನೆತ್ತಿಗೇರಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಸದರಿ ಸಿಬ್ಬಂದಿಯು ತಂತ್ರಜ್ಞಾನದ ಭಯದಿಂದಲೂ, ತನ್ನ ಅಧಿಕಾರ ಕೈತಪ್ಪೀತೆಂಬ ಆತಂಕದಿಂದಲೂ ಹೊಸ ವ್ಯವಸ್ಥೆಯನ್ನು ಭಾವನಾತ್ಮಕವಾಗಿ ವಿರೋಧಿಸಿದರು. ಆಕೆಯನ್ನು ಬೇರೆ ವಿಭಾಗಕ್ಕೆ ವರ್ಗಾಯಿಸಿದ ಬಳಿಕ ಯೋಜನೆ ಸುಗಮವಾಗಿ ಯಶಸ್ವಿಯಾಯಿತು." ಕೊನೆಯಲ್ಲಿ ವಿದ್ಯಾರ್ಥಿಗಳಿಗೊಂದು ಪ್ರಶ್ನೆ: ಇಂಥ ಸಿಬ್ಬಂದಿಯನ್ನು ನೀವಾಗಿದ್ದರೆ ಹೇಗೆ ನಿಭಾಯಿಸುತ್ತಿದ್ದಿರಿ? ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದವರ ಹೆಸರಿತ್ತು. ಬರೆದವರು ಎದುರಿಗೇ ನಿಂತು ಬೋರ್ಡ್ ಒರೆಸುತ್ತಿದ್ದರು.

ಅಕ್ಕ ಎಂದರೆ ಇಡೀ ತರಗತಿಗೆ ಅಕ್ಕ. ಉಳಿದವರೆಲ್ಲ ಬ್ಯಾಂಕು, ಕಂಪನಿಗಳಿಂದ ಬರುತ್ತಿದ್ದ ಎಳೆಯರು. ಇವಳ ತಲೆಯಲ್ಲಿ ಅರ್ಧ ಬೆಳ್ಳಿ. ಅವಳೀಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳ ಉಸ್ತುವಾರಿ. ಒಗೆದು ಬಂದ ಹೊದಿಕೆ ಎಣಿಸುವುದು, ಹರಿದದ್ದನ್ನು ಬೇರೆ ಇಡುವುದು. ಕಿಟಕಿಯಿಲ್ಲ, ಸದಾ ಫಿನಾಯಿಲ್ ವಾಸನೆ. ಮೇಲಿನ ಮಹಡಿಯ ದಾಖಲೆ ವಿಭಾಗಕ್ಕೆ ಮುಖ್ಯಸ್ಥರ ಹುದ್ದೆಯೊಂದು ತೆರವಾಗಲಿತ್ತು. ಅದಕ್ಕೆ ಈ ಪದವಿ ಬೇಕೇ ಬೇಕು. ಜೊತೆಗೆ, ಈ ಜನ ಇದನ್ನೆಲ್ಲ ಯಾವ ಶಾಲೆಯಲ್ಲಿ ಕಲಿತು ಬರುತ್ತಾರೋ ಒಂದು ಕೈ ನೋಡಿಯೇ ಬಿಡೋಣ ಎಂಬ ಹಟವೂ ಇತ್ತು. ನೋಡಿದ್ದಾಯಿತಲ್ಲ, ಈ ಶಾಲೆಯಲ್ಲೇ.

ನಡೆದದ್ದೇನೆಂದರೆ, ಆ ಹೊಸ ವ್ಯವಸ್ಥೆಗೆ ರೋಗಿ ಗೊತ್ತಿರಲಿಲ್ಲ, ಮಂಚ ಗೊತ್ತಿತ್ತು. ಔಷಧವೆಲ್ಲ ಮಂಚದ ಸಂಖ್ಯೆಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಮಂಚಕ್ಕೆ ಅಂಟಿಕೊಂಡು ಯಾರು ಮಲಗುತ್ತಾರೆ? ಒಬ್ಬರನ್ನು ಆಮ್ಲಜನಕದ ಪಕ್ಕಕ್ಕೆ ಸರಿಸುತ್ತಾರೆ, ಇನ್ನೊಬ್ಬರನ್ನು ದಾದಿಯರ ಕಣ್ಣಿಗೆ ಬೀಳುವ ಹಾಗೆ ಬಾಗಿಲ ಬಳಿ ತರುತ್ತಾರೆ. ಔಷಧ ಮಾತ್ರ ಹಳೇ ಮಂಚವನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಅಕ್ಕ ತಂತ್ರಾಂಶ ಕಂಪನಿಯವನಿಗೆ ಹೇಳಿದಳು. ಮ್ಯಾನೇಜರಿಗೆ ಹೇಳಿದಳು. "ನಿಮಗೆ ತರಬೇತಿ ಸಾಲದು" ಎಂದರು ಇಬ್ಬರೂ, ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಂಡವರ ಹಾಗೆ.

ಆಮೇಲೊಂದು ಬೆಳಿಗ್ಗೆ, ಹೃದ್ರೋಗಿಗೆ ಕೊಡಬೇಕಾದ ರಕ್ತ ತೆಳುವಾಗಿಸುವ ಚುಚ್ಚುಮದ್ದು, ಹಿಂದಿನ ದಿನವಷ್ಟೇ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಹೆಂಗಸಿನ ಮಂಚಕ್ಕೆ ಹೊರಟಿತು. ಅಕ್ಕ ಓಡಿಹೋಗಿ ಟ್ರಾಲಿ ತಡೆದಳು. ಮ್ಯಾನೇಜರಿಗೆ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದಾರೆ. ಯಂತ್ರವೋ ಮಧ್ಯಾಹ್ನದ ಔಷಧದ ಚೀಟಿಗಳನ್ನು ಹಾಗೇ ಉಗುಳುತ್ತಾ ಇದೆ. ಅವಳು ಪ್ಲಗ್ ಕಿತ್ತಳು. ಕಿತ್ತದ್ದು ನಿಜ. ಜೊತೆಗೆ ಗೋಡೆಯ ಗಾರೆಯೂ ಒಂದಿಷ್ಟು ಕಿತ್ತು ಬಂತು, ಅದೂ ನಿಜ. ವಾರ ಕಳೆಯುವಷ್ಟರಲ್ಲಿ ಅವಳು ನೆಲಮಾಳಿಗೆಯಲ್ಲಿದ್ದಳು. ಅವಳು ಇಳಿದು ಹೋದ ಮೇಲೆ ಸದ್ದಿಲ್ಲದೆ ಔಷಧವನ್ನು ರೋಗಿಯ ಸಂಖ್ಯೆಗೆ ಜೋಡಿಸಿದರು. ಕೇಸ್ ಸ್ಟಡಿಯಲ್ಲಿ ಅದಕ್ಕೆ "ಎರಡನೆಯ ಹಂತದ ಸುಧಾರಣೆ" ಎಂಬ ಶೀರ್ಷಿಕೆ ಇತ್ತು.

ಕೊನೆಯ ಪುಟದಲ್ಲಿ ಆಧಾರಗಳು: ಆಡಳಿತ ವರ್ಗದ ಸಂದರ್ಶನ, ತಂತ್ರಾಂಶ ಕಂಪನಿಯ ಸಂದರ್ಶನ. ಹಿರಿಯ ಮಹಿಳಾ ಸಿಬ್ಬಂದಿಯೊಬ್ಬರ ಭಯ, ಆತಂಕ, ಭಾವನೆ ಎಲ್ಲವನ್ನೂ ಅಳೆದು ಸುರಿದವರಿಗೆ ಆ ಸಿಬ್ಬಂದಿಯ ಮುಖವೇ ಗೊತ್ತಿಲ್ಲ. ಇಡೀ ಸೆಮಿಸ್ಟರ್ ಮೊದಲ ಬೆಂಚಿನಲ್ಲಿ ಕೂತಿದ್ದರೂ ಗೊತ್ತಿಲ್ಲ.

ಮನೆಗೆ ಬಂದು ಕಾಗದವನ್ನು ಮೇಜಿನ ಮೇಲೆ ಬಡಿದಳು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಓದಿದ, ತನ್ನ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಅಕ್ಕನ ಅತ್ತೆಗೂ ಓದಿ ಹೇಳಿದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದರು ಅತ್ತೆ. "ಮಾತಿಗೆ ಹೇಳ್ತಾರೆ ಅನ್ಕೊಂಡಿದ್ದೆ. ಅದಕ್ಕೇ ಅಂತ ಮಿಷನ್ನೇ ಮಾಡಿದಾರಾ?"

"ಅದನ್ನ ನಿಲ್ಸಿದ್ದಕ್ಕೆ ಬರೆ ನಂಗೆ," ಎಂದಳು ಅಕ್ಕ.

"ಈಗ ಬಾಯಿ ಬಿಡಬೇಡ," ಎಂದ ಗಂಡ. "ಇದೊಂದು ವಿಷಯ ಪಾಸಾದ್ರೆ ಮುಗೀತು. ಅರ್ಧ ಅಂಕ ಆ ಮನುಷ್ಯನ ಕೈಲಿದೆ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಸಮಾಧಾನ ಆದ್ಮೇಲೆ ಬರಲ್ಲ."

"ಅವಳ ಮೂಗು ಯಾಕೆ ಕೊಯ್ಬೇಕು?" ಎಂದರು ಅತ್ತೆ. "ಮೇಷ್ಟ್ರಿಗೂ ಒಂದು ಮೂಗು ಇದೆಯಲ್ಲ."

ಗಂಡನ ಮಾತು ಸರಿ ಎನ್ನುವುದು ಅಕ್ಕನಿಗೂ ಗೊತ್ತಿತ್ತು. ಪದವಿ ಕೈಗೆ ಬಂದರೆ ಮೇಲಿನ ಮಹಡಿ, ಕಿಟಕಿ, ಬೆಳಕು. ಬಾರದಿದ್ದರೆ ನಿವೃತ್ತಿಯವರೆಗೂ ಹೊದಿಕೆ. ಬಾಯಿಗೆ ಬೀಗ ಹಾಕಿಕೊಂಡೇ ಮುಂದಿನ ತರಗತಿಗೆ ಹೋದಳು.

ಆ ತರಗತಿಯಲ್ಲಿ ಪ್ರೊಫೆಸರು ಪಾತ್ರಾಭಿನಯ ಇಟ್ಟಿದ್ದರು. ಕೇಸ್ ಸ್ಟಡಿಯ ಜನರಾಗಿ ವಿದ್ಯಾರ್ಥಿಗಳೇ ಮಾತಾಡಬೇಕು, ಅದಕ್ಕೂ ಅಂಕ. ಬ್ಯಾಂಕಿನ ಹುಡುಗನೊಬ್ಬ ತಂತ್ರಾಂಶ ಕಂಪನಿಯವನಾದ. ವಿಮಾ ಕಂಪನಿಯ ಹುಡುಗಿಯೊಬ್ಬಳು ಮ್ಯಾನೇಜರ್ ಆದಳು. ಪ್ರೊಫೆಸರು ಸುತ್ತ ಕಣ್ಣಾಡಿಸಿ ಮೊದಲ ಬೆಂಚಿಗೆ ಬಂದು ನಿಂತರು.

"ಅಕ್ಕ, ಆ ಹಿರಿಯ ಸಿಬ್ಬಂದಿ ನೀವಾಗಿ. ವಯಸ್ಸೂ ಹೊಂದತ್ತೆ."

ತರಗತಿ ನಕ್ಕಿತು. ಕೆಟ್ಟ ನಗುವೇನಲ್ಲ, ಆದರೂ ಅಕ್ಕನಿಗೆ ಕಿವಿ ಬಿಸಿಯಾಯಿತು. ಎದ್ದು ಹೋಗಿ ನಿಂತಳು. "ನಂಗೆ ಕಂಪ್ಯೂಟರ್ ಅಂದ್ರೆ ಭಯ" ಎಂಬ ಒಂದು ಮಾತು ಹೇಳಿ ಕೂತಿದ್ದರೆ ಕೆಲಸ ಆಗುತ್ತಿತ್ತು. ಹೇಳಲು ಬಾಯಿ ತೆರೆದಳು. ನಾಲಿಗೆ ತಿರುಗಲಿಲ್ಲ.

"ಮೇಡಂ," ಎಂದಳು ಮ್ಯಾನೇಜರ್ ಹುಡುಗಿಗೆ, "ಔಷಧ ಕುಡಿಯೋದು ಮಂಚ ಅಲ್ಲ, ಮನುಷ್ಯರು. ರೋಗಿ ಮಂಚ ಬದಲಾಯಿಸಿದ್ರೆ ನಿಮ್ಮ ವ್ಯವಸ್ಥೆಗೆ ಹೇಗೆ ಗೊತ್ತಾಗತ್ತೆ?"

ಹುಡುಗಿ ಕಾಗದ ತಿರುವಿದಳು. ಅದರಲ್ಲಿ ಉತ್ತರವಿರಲಿಲ್ಲ. ಕಂಪನಿಯವನ ಪಾತ್ರದ ಹುಡುಗ ಮೆಲ್ಲಗೆ, "ಹೌದಲ್ವಾ ಸರ್, ಹೇಗೆ ಗೊತ್ತಾಗತ್ತೆ?" ಎಂದು ಪ್ರೊಫೆಸರನ್ನೇ ಕೇಳಿದ.

"ಒಂದು ನಿಮಿಷ," ಎಂದರು ಪ್ರೊಫೆಸರು. "ಅಕ್ಕ, ನೀವು ಪಾತ್ರ ಬಿಟ್ಟು ಹೋಗ್ತಿದೀರಿ. ಆಕೆಗೆ ಇಷ್ಟೊಂದು ತರ್ಕ ಇರ್ಲಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ ಅಂತಾರಲ್ಲ, ಆ ಥರದವರು. ಸ್ವಲ್ಪ ಕೂಗಾಡಿ. ಬೇಕಾದ್ರೆ ಅಳಿ."

"ಅಳ್ಬೇಕಾ?"

"ಆಕೆ ನಿಮ್ಮ ಹಾಗೆ ಮಾತಾಡೋರಲ್ಲ. ಅದನ್ನ ಹಿಡೀರಿ."

ಇದಕ್ಕಿಂತ ಹೆಚ್ಚು ಸಹಿಸಿಕೊಳ್ಳಬೇಕೆಂದು ಯಾವ ದೇವರೂ ಕೇಳಲಾರ. ತನ್ನ ಪಾತ್ರ ತನಗೇ ಸರಿಯಾಗಿ ಬರುತ್ತಿಲ್ಲ ಎಂದು ಹೇಳಿಸಿಕೊಳ್ಳಲು ಅವಳು ಹಗಲೆಲ್ಲ ಹೊದಿಕೆ ಎಣಿಸಿ, ಬಸ್ಸಿನಲ್ಲಿ ತೂಕಡಿಸಿಕೊಂಡು ಇಲ್ಲಿಗೆ ಬರಬೇಕಿತ್ತೆ? ಬೀಗ ತಾನಾಗಿಯೇ ಬಿಚ್ಚಿಕೊಂಡಿತು.

"ಆಕೆ ಹೇಗೆ ಮಾತಾಡ್ತಾಳೆ ಅಂತ ನಿಮಗೆ ಹೇಗೆ ಗೊತ್ತು ಸರ್?"

"ನಾನೇ ಬರೆದಿರೋದಲ್ವಾ."

"ಬರೆಯೋಕೆ ಮುಂಚೆ ಆಕೇನ ಮಾತಾಡ್ಸಿದ್ರಾ?"

"ಅಗತ್ಯ ಬೀಳ್ಲಿಲ್ಲ. ಆಡಳಿತದವರು ಎಲ್ಲಾ ಮಾಹಿತಿ ಕೊಟ್ಟಿದ್ರು."

"ಹಾಗಾದ್ರೆ ಈಗ ಮಾತಾಡ್ಸಿ. ಆ ಉಗ್ರಾಣದಲ್ಲಿ ಇದ್ದೋಳು ನಾನು. ಪ್ಲಗ್ ಕಿತ್ತೋಳೂ ನಾನೇ."

ಯಾರೂ ನಗಲಿಲ್ಲ. ಪ್ರೊಫೆಸರ ಮುಖದ ಬಣ್ಣ ಒಮ್ಮೆ ಹೋಗಿ ಬಂತು. ಆದರೆ ಓದಿದವರಲ್ಲವೇ, ಕಾಲೂರಲು ಒಂದು ನಿಯಮ ಬೇಗನೆ ಸಿಕ್ಕಿತು.

"ನೋಡಿ, ಕೇಸ್ ಸ್ಟಡಿಯ ವ್ಯಕ್ತಿಗಳು ಯಾರು ಅಂತ ತರಗತಿಯಲ್ಲಿ ಚರ್ಚೆ ಮಾಡೋ ಹಾಗಿಲ್ಲ. ಗೋಪ್ಯತೆ. ಆ ಸಿಬ್ಬಂದಿಯ ಹಿತಕ್ಕೇ ಹೆಸರು ಮುಚ್ಚಿಟ್ಟಿರೋದು."

"ಹೆಸರು ಮುಚ್ಚಿಟ್ರಿ, ಉಪಕಾರ ಆಯ್ತು. ನಾನು ಹೇಳಿದ ಮಾತು ಯಾಕೆ ಮುಚ್ಚಿಟ್ರಿ?"

ಅದಕ್ಕೆ ನಿಯಮ ಸಿಗಲಿಲ್ಲ. "ಇವತ್ತಿಗೆ ಸಾಕು" ಎಂದು ಪ್ರೊಫೆಸರು ಲ್ಯಾಪ್‌ಟಾಪ್ ಮುಚ್ಚಿದರು. ಮನೆಯಲ್ಲಿ ಗಂಡ ಕತೆ ಕೇಳಿ ತಲೆ ಮೇಲೆ ಕೈಹೊತ್ತ. ಅತ್ತೆ ಮಾತ್ರ, "ಮೂಗು ಅಲ್ಲಾಡ್ತಾ?" ಎಂದು ಕೇಳಿ ತೃಪ್ತಿಯಿಂದ ಮಲಗಲು ಹೋದರು.

ಲಿಖಿತ ಪರೀಕ್ಷೆಯೂ ಮುಗಿಯಿತು. ಫಲಿತಾಂಶ ಬರುವ ಮುಂಚೆ ಪ್ರೊಫೆಸರಿಂದ ಕರೆ ಬಂತು, ತಮ್ಮ ಕೋಣೆಗೆ ಬರಬೇಕಂತೆ. ಹೋದರೆ ಮುಖದ ತುಂಬ ನಗು. ಕುರ್ಚಿ ತೋರಿಸಿದರು. ಅಕ್ಕ ನಿಂತೇ ಇದ್ದಳು.

"ನೀವು ಅವತ್ತು ಹೇಳಿದ್ದು ನಂಗೆ ಬಹಳ ಕಾಡ್ತು," ಎಂದರು. ಅಕ್ಕನ ಮನಸ್ಸು ಒಂದು ಗಳಿಗೆ ಕರಗಿತು. ಅಷ್ಟು ಸಾಕಾಗಿತ್ತು ಅವಳಿಗೆ, ನಿಜವಾಗಿ. "ಕೇಸ್ ಸ್ಟಡೀನ ಬೇರೆ ಕಾಲೇಜುಗಳೂ ತಗೊಳ್ತಿವೆ. ಹೊಸ ಆವೃತ್ತಿಗೆ ನಿಮ್ಮ ಬಗ್ಗೆ ಒಂದು ಪ್ಯಾರಾ ಸೇರಿಸಿದೀನಿ. ಓದಿ."

ಓದಿದಳು. "ಸಂತೋಷದ ಸಂಗತಿಯೆಂದರೆ, ಸದರಿ ಸಿಬ್ಬಂದಿಯು ಕಾಲಕ್ರಮೇಣ ತಮ್ಮ ಭಯವನ್ನು ಗೆದ್ದು, ಇದೇ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದರು. ಬದಲಾವಣೆಯನ್ನು ಸರಿಯಾಗಿ ನಿರ್ವಹಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ." ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಭಯ, ಆತಂಕ, ಭಾವನಾತ್ಮಕ ವಿರೋಧ, ಒಂದೂ ಕದಲಿರಲಿಲ್ಲ.

ಅಂದರೆ ಅವಳ ಬಾಯಿಂದ ಬಂದದ್ದು ಒಂದಕ್ಷರವೂ ಇಲ್ಲ, ಅವಳು ಕಾಲೇಜಿಗೆ ಬಂದದ್ದೂ ಅವರದೇ ಸಾಧನೆ. ಮೊದಲು ತಪ್ಪು ಅವಳದೆಂದರು, ಈಗ ಆ ತಪ್ಪನ್ನು ತಿದ್ದಿದವರೂ ತಾವೇ ಆದರು.

"ಈಗ ಕೆಲವರಿಗೆ ನೀವು ಯಾರು ಅಂತ ಗುರುತು ಸಿಗಬಹುದು. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು, ಕೆಳಗೊಂದು ಸಹಿ," ಎಂದರು ಪ್ರೊಫೆಸರು, ಪೆನ್ನು ಮುಂದೆ ಚಾಚಿ. "ನಿಮ್ಮ ಅಂಕಪಟ್ಟಿ ಇನ್ನೂ ಕಳಿಸಿಲ್ಲ. ಇದು ಮುಗಿದ ಮೇಲೆ ಕೂತು ನೋಡ್ತೀನಿ."

ಮಾತಿನಲ್ಲಿ ಬೆದರಿಕೆಯಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಅಕ್ಕನಿಗೆ ನೆಲಮಾಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಮಹಡಿಯ ಕಿಟಕಿಯೂ ಕಂಡಿತು. ಹಾಗೆಯೇ ಆ ಹೊಲಿಗೆಯ ಹೆಂಗಸು ಕಂಡಳು. ಟ್ರಾಲಿ ತಡೆದಾಗ ಅವಳು ನಿದ್ದೆಯಲ್ಲಿದ್ದಳು. ಏನು ತಪ್ಪಿತೆಂದು ಅವಳಿಗೆ ಇವತ್ತಿಗೂ ಗೊತ್ತಿರಲಾರದು. ಹನ್ನೊಂದು ಪುಟದ ಕೇಸ್ ಸ್ಟಡಿಯಲ್ಲಿ ಅವಳ ಸುದ್ದಿಯೇ ಇರಲಿಲ್ಲ. ಅಕ್ಕನಿಗೆ ತನಗಾದ ಅವಮಾನಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಪೆನ್ನು ತೆಗೆದುಕೊಂಡಳು. ಆ ಪ್ಯಾರಾದ ಮೇಲೆ ಉದ್ದಕ್ಕೂ ಗೀಟು ಎಳೆದಳು. ಪಕ್ಕದ ಖಾಲಿ ಜಾಗದಲ್ಲಿ ಬರೆದಳು: "ಈ ಸಿಬ್ಬಂದಿ ಹೆದರಿದ್ದು ಕಂಪ್ಯೂಟರಿಗಲ್ಲ, ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಹೆಂಗಸಿನ ರಕ್ತ ನಿಲ್ಲದೆ ಹೋದೀತು ಎಂದು. ಮೊದಲೇ ಹೇಳಿದರೂ ಯಾರೂ ಕೇಳಲಿಲ್ಲ. ಇದನ್ನು ಬರೆದವರು ಈಕೆಯನ್ನು ಒಮ್ಮೆಯೂ ಮಾತಾಡಿಸಲಿಲ್ಲ." ಕೆಳಗೆ ಸಹಿಯ ಜಾಗದಲ್ಲಿ ತನ್ನ ಪೂರ್ತಿ ಹೆಸರನ್ನು, ಹುದ್ದೆಯನ್ನು, ಆ ಆಸ್ಪತ್ರೆಯ ಹೆಸರನ್ನು ಬಿಡಿಸಿ ಬಿಡಿಸಿ ಬರೆದಳು.

ಪ್ರೊಫೆಸರು ಕಾಗದವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಹೆಸರೆಲ್ಲಾ ಹಾಕೋ ಹಾಗಿಲ್ಲ ಅಕ್ಕ. ಗೋಪ್ಯತೆ..."

"ಗೋಪ್ಯತೆ ನನ್ನದಲ್ವಾ ಸರ್? ನಂಗೆ ಬೇಡ. ಇದನ್ನ ಹೀಗೇ ಅಚ್ಚು ಹಾಕೋದಾದ್ರೆ ನನ್ನ ಒಪ್ಪಿಗೆ ಇದೆ. ಇಲ್ಲಾಂದ್ರೆ ನನ್ನ ವಿಷಯದ ಒಂದು ಸಾಲೂ ಎಲ್ಲೂ ಬರಬಾರದು."

ಅಕ್ಕ ಅಷ್ಟು ಹೊತ್ತು ಖಾಲಿ ಬಿದ್ದಿದ್ದ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು, ಪೆನ್ನಿನ ಮುಚ್ಚಳ ಹಾಕಿ ಅವರ ಮುಂದಿಟ್ಟಳು.

"ಈಗ ನನ್ನ ಅಂಕ ಹಾಕಿ ಸರ್," ಎಂದಳು. "ನಾನಿಲ್ಲೇ ಕೂತಿರ್ತೀನಿ."