ಹಿಂದಕ್ಕೆ ಹೋಗದ ಲಾರಿ

ಬೆಳಿಗ್ಗೆ ಹತ್ತು ಗಂಟೆಗೆ ಅತ್ತಿಗೆ ಲಾರಿಯಲ್ಲೇ ಕೂತು ಬಂದರು. ಓಡಿಸಿಕೊಂಡು ಬಂದವನು ಹೊಸ ಡ್ರೈವರ್. ಕೆಲಸಕ್ಕೆ ಸೇರಿ ಮೂರು ದಿನವಾಗಿತ್ತಷ್ಟೆ, ಆಗಲೇ ಅತ್ತಿಗೆ ಅವನಿಗೆ ಗೊಣಗ ಎಂದು ಹೆಸರಿಟ್ಟಾಗಿತ್ತು. ಲಾರಿ ನನ್ನ ಗ್ಯಾರೇಜಿನ ಓಣಿಯೊಳಗೆ ಪೂರ್ತಿ ನುಗ್ಗಿ, ಕೊನೆಯ ಗೋಡೆಗೆ ಮೂತಿ ತಾಗುವಷ್ಟರಲ್ಲಿ ನಿಂತ ಮೇಲೆ ಗೊಣಗನಿಗೆ ಜ್ಞಾನೋದಯವಾಯಿತು.

"ಅಯ್ಯೋ, ಇಲ್ಲಿ ಮುಂದಕ್ಕೆ ದಾರೀನೇ ಇಲ್ಲ! ಅಕ್ಕಾ, ಮೊದ್ಲೇ ಹೇಳೋದಲ್ವಾ? ಈ ಗಾಡಿಗೆ ರಿವರ್ಸ್ ಬೀಳಲ್ಲ. ಈಗ ಹೊರಗೆ ಹೋಗೋದು ಹೇಗೆ, ಮಡಿಚಿ ಜೇಬಲ್ಲಿಟ್ಕೊಂಡಾ?"

"ಅದಕ್ಕೇ ತಾನೆ ಇಲ್ಲಿಗೆ ಬಂದಿರೋದು," ಎಂದರು ಅತ್ತಿಗೆ. "ನೀನು ಹೋಗಿ ಟೀ ಕುಡ್ಕೊಂಡು ಬಾ. ಗೊಣಗೋದು ಬಾಕಿ ಇದ್ರೆ ಅದನ್ನೂ ಅಲ್ಲೇ ಮುಗಿಸ್ಕೊಂಡು ಬಾ."

ಅವನು ಹೋದ. ನಾವಿಬ್ಬರೇ ಉಳಿದೆವು.

ಅಣ್ಣ ಹೋಗಿ ಆರು ವಾರವಾಗಿತ್ತು. ಸರಕು ಇಳಿಸುವ ಜಾಗದಲ್ಲಿ, ಇದೇ ಲಾರಿಯ ಸೀಟಿನಲ್ಲಿ ಕೂತಿದ್ದಾಗ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ಅವತ್ತು ನಾನು ಹೋಗಿ ಜನರ ಹಿಂದೆ ನಿಂತು ನೋಡಿ ಬಂದಿದ್ದೆ. ಮುಂದೆ ಹೋಗಲು ಮುಖವಿರಲಿಲ್ಲ. ಅಣ್ಣನಿಗೂ ನನಗೂ ಮೂರು ವರ್ಷದಿಂದ ಮಾತಿರಲಿಲ್ಲ. ಅವನು ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದನೇ? ಇದೊಂದನ್ನು ಅತ್ತಿಗೆಯ ಬಾಯಿಂದ ಕೇಳಬೇಕಿತ್ತು. ಕೇಳಲು ಧೈರ್ಯ ಸಾಲದೆ ಸ್ಪ್ಯಾನರ್ ಎತ್ತಿಕೊಂಡೆ.

ಕ್ಯಾಬಿನ್ನಿನ ನೆಲಹಾಸು ಮಡಚಿ, ಗೇರ್ ರಾಡಿನ ಬುಡದಲ್ಲಿದ್ದ ರಬ್ಬರಿನ ಮುಸುಕನ್ನು ಮೇಲಕ್ಕೆ ಸುತ್ತಿದೆ. ಅಡಿಯಲ್ಲಿ ನಾಲ್ಕು ಬೋಲ್ಟು. ಒಂದಕ್ಕೆ ವಾಷರ್ ಇಲ್ಲ, ಇನ್ನೊಂದು ಓರೆಯಾಗಿ ಹತ್ತಿದೆ. ನೋಡಿದ ತಕ್ಷಣ ಗೊತ್ತಾಯಿತು, ಇದು ಅಣ್ಣನೇ ಬಿಗಿದದ್ದು. ಮೂರು ವರ್ಷದಿಂದ ಯಾರೂ ಇದನ್ನು ಮುಟ್ಟಿಲ್ಲ.

ಆವತ್ತೂ ಇದೇ ಕೆಲಸಕ್ಕೆ ಲಾರಿ ಇಲ್ಲಿ ನಿಂತಿತ್ತು. ರಾಡು ಲೊಟಲೊಟ ಅಲ್ಲಾಡುತ್ತಿತ್ತು. ಅದರ ಕೆಳತುದಿಗೆ ಉಂಗುರದಷ್ಟೇ ದೊಡ್ಡದಾದ ಒಂದು ಬುಷ್ ಇರುತ್ತದೆ, ಅದು ಸವೆದು ಹೋಗಿತ್ತು. ಅದಿಲ್ಲದಿದ್ದರೂ ಬೇರೆ ಗೇರುಗಳು ಹೇಗೋ ಬೀಳುತ್ತವೆ. ಆದರೆ ರಿವರ್ಸ್ ಇರುವುದು ದೂರದ ಮೂಲೆಯಲ್ಲಿ, ರಾಡಿನ ತುದಿ ಅಲ್ಲಿಗೆ ಎಟುಕುವುದಿಲ್ಲ. ನಾನು ಸವೆದದ್ದನ್ನು ಕಿತ್ತೆಸೆದು, ಹೊಸ ಬುಷ್ ತಂದು ಮೇಜಿನ ಮೇಲಿಟ್ಟಿದ್ದೆ. ರಾಡು ನನ್ನ ಕೈಯಲ್ಲಿತ್ತು. ಬಾಯಿ ಸುಮ್ಮನಿರಬೇಕಲ್ಲ?

"ಬುಷ್ಷಿಂದೇನೂ ತಪ್ಪಿಲ್ಲ ಕಣಣ್ಣ. ಮೂವತ್ತು ವರ್ಷ ಆಯ್ತು, ನಿನಗಿನ್ನೂ ಗೇರ್ ಹಾಕೋಕೇ ಬರಲ್ಲ."

ಅರ್ಧ ತಮಾಷೆಗೆ ಅಂದದ್ದು. ಆದರೆ ಅಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು, ನಾಲ್ವರೂ ನಕ್ಕರು. ನನಗೆ ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಎಲ್ಲವನ್ನೂ ಓಡಿಸಲು ಕಲಿಸಿದವನು ಅಣ್ಣ. ಅವನು ಒಂದು ಮಾತೂ ಆಡಲಿಲ್ಲ. ನನ್ನ ಕೈಯಿಂದ ರಾಡು ಕಿತ್ತುಕೊಂಡು, ತಾನೇ ಒಳಗೆ ಇಳಿಸಿ, ತಾನೇ ಬೋಲ್ಟು ಬಿಗಿದು ಹೊರಟುಬಿಟ್ಟ. ಅವತ್ತು ಬೆಳಿಗ್ಗೆ ಸವೆದ ಬುಷ್ಷಿನಲ್ಲೇ ಹೇಗೋ ರಿವರ್ಸ್ ಹಾಕಿ ಲಾರಿಯನ್ನು ಹಿಮ್ಮುಖವಾಗಿ ಒಳಗೆ ತಂದಿದ್ದರಿಂದ ಅದರ ಮೂತಿ ರಸ್ತೆಯ ಕಡೆಗಿತ್ತು. ಬುಷ್ ಮೇಜಿನ ಮೇಲೇ ಉಳಿಯಿತು. ಕೂಗಿ ಹೇಳಬಹುದಿತ್ತು, ಹೇಳಲಿಲ್ಲ. ರಿವರ್ಸ್ ಇಲ್ಲದೆ ಎಷ್ಟು ದಿನ ಓಡಿಸ್ತಾನೆ ನೋಡೋಣ, ವಾರದೊಳಗೆ ತಾನಾಗಿ ಬರ್ತಾನೆ ಅಂದುಕೊಂಡೆ. ಬುಷ್ಷನ್ನು ಒಂದು ಬೆಂಕಿಪೊಟ್ಟಣಕ್ಕೆ ಹಾಕಿ ಡ್ರಾಯರಿನಲ್ಲಿಟ್ಟೆ.

ಅತ್ತಿಗೆ ಮಗುಚಿದ ಎಣ್ಣೆ ಡಬ್ಬದ ಮೇಲೆ ಕೂತು ಮಾತು ಶುರು ಮಾಡಿದರು. ಅವರು ಮಾತಿಗೆ ಕೂತರೆ ನಾವು ಹೂಂಗುಟ್ಟಿದರೆ ಸಾಕು.

"ಈ ಮೂರು ವರ್ಷ ನಿಮ್ಮಣ್ಣನ ಪಾಡು ಕೇಳಬೇಡ. ಎಲ್ಲಿ ಹೋದ್ರೂ ಮೊದಲು ಇಳಿದು, ನಡ್ಕೊಂಡು ಹೋಗಿ, ಮುಂದೆ ತಿರುಗಿಸೋಕೆ ಜಾಗ ಇದೆಯಾ ಅಂತ ನೋಡ್ಕೊಂಡು ಬರೋರು. ಒಂದ್ಸಲ ಯಾರದ್ದೋ ಕಾಂಪೌಂಡಿಗೆ ನುಗ್ಗಿಸಿಬಿಟ್ಟು, ಎಂಟು ಜನ ಹಮಾಲರು ಸೇರಿ ಹಿಂದಕ್ಕೆ ತಳ್ಳಿದ್ರು. ಆ ಎಂಟೂ ಜನಕ್ಕೆ ಊಟ ಹಾಕಿದ್ದು ನಾನು! ಮೊದಲೆಲ್ಲ ಮನೆ ಮುಂದೆ ಗಾಡಿ ಹಿಂದಕ್ಕೆ ತಗೊಳ್ಳುವಾಗ ನಾನು ನಿಂತ್ಕೊಂಡು 'ಬರ್ಲಿ ಬರ್ಲಿ' ಅಂತ ಕೂಗ್ತಿದ್ದೆನಾ? ನನ್ನ ಆ ನೌಕರೀನೂ ಹೋಯ್ತು."

ನಾನು ನಕ್ಕೆ. ಅವರೂ ನಕ್ಕರು. ಆರು ವಾರದಲ್ಲಿ ಅವರು ಮೊದಲ ಸಲ ನಕ್ಕಿದ್ದಿರಬೇಕು, ಅರ್ಧಕ್ಕೇ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಬೇರೆ ಮೆಕ್ಯಾನಿಕ್ ಸಿಗಲಿಲ್ವಾ ಅತ್ತಿಗೆ?"

"ಸಿಗದೆ ಏನು? ತೋರಿಸಿ ಅಂತ ಹೇಳಿ ಹೇಳಿ ಸಾಕಾಯ್ತು. 'ನನ್ನ ತಮ್ಮ ಬಿಚ್ಚಿದ್ದನ್ನ ಇನ್ನೊಬ್ಬ ಯಾಕೆ ಮುಟ್ಟಬೇಕು' ಅನ್ನೋರು."

ನಾನು ಬೋಲ್ಟುಗಳನ್ನು ಬಿಚ್ಚಿದೆ. ರಾಡನ್ನು ಹೊರಕ್ಕೆಳೆದೆ. ಕೆಳತುದಿ ಸವೆದು ಸವೆದು ಪೆನ್ಸಿಲಿನಂತೆ ಚೂಪಾಗಿತ್ತು. ಏನೂ ಒಳಗೆ ಬೀಳದಿರಲೆಂದು ಗೇರ್ ಪೆಟ್ಟಿಗೆಯ ಬಾಯಿಗೆ ಬಟ್ಟೆ ತುರುಕಿ, ತುದಿಗೆ ವೆಲ್ಡಿಂಗ್ ತುಂಬಿಸಿ ಅರದಿಂದ ತಿದ್ದತೊಡಗಿದೆ.

"ಹಾಗಾದ್ರೆ ಇಲ್ಲಿಗೇ ಬರಬಹುದಿತ್ತಲ್ಲ," ಎಂದೆ. ದನಿಯಲ್ಲಿ ಹಳೆಯ ಬಿಗುಮಾನ ಇನ್ನೂ ಇತ್ತು, ನನಗೇ ಕೇಳಿಸಿತು.

"ಬರ್ತಿದ್ರಲ್ಲ ಮಾರಾಯ! ಎಷ್ಟು ಸಲ ಬಂದಿದ್ದಾರೆ. ಓಣಿ ಬಾಯಲ್ಲಿ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡಿಯೋರು. ನಾನೇ ಎರಡು ಮೂರು ಸಲ ಪಕ್ಕದಲ್ಲಿ ಕೂತಿದ್ದೀನಿ. ಇಳಿದು ನಡ್ಕೊಂಡು ಹೋಗಿ ಅಂದ್ರೆ ಕೇಳ್ತಿರಲಿಲ್ಲ. 'ಗಾಡಿ ತಗೊಂಡು ಹೋದ್ರೆ ರಿಪೇರಿಗೆ ಹೋದ ಹಾಗೆ ಕಣೇ. ಬರಿಗೈಲಿ ನಡ್ಕೊಂಡು ಹೋದ್ರೆ ಕಾಲಿಗೆ ಬೀಳೋಕೆ ಹೋದ ಹಾಗೆ' ಅನ್ನೋರು."

"ಗಾಡೀನೇ ಒಳಗೆ ತರಬಹುದಿತ್ತು."

"ಹೇಗೆ ತರೋದು? ಒಳಗೆ ಬಂದ ಮೇಲೆ ನೀನು ಮುಟ್ಟಲ್ಲ ಅಂದುಬಿಟ್ರೆ? ಗಾಡಿ ಹಿಂದಕ್ಕೆ ಹೋಗಲ್ಲ. ಇಲ್ಲೇ ಸಿಕ್ಕಿಹಾಕ್ಕೊಂಡು, ನಿನ್ನ ಗಿರಾಕಿಗಳ ಕೈಲೇ ತಳ್ಳಿಸ್ಕೊಂಡು ಹೋಗಬೇಕು. ಮತ್ತೆ ನಗ್ತಾರೆ ಅಂತ. ಹಾರ್ನ್ ಹೊಡೆದ್ರೆ ನೀನೇ ಹೊರಗೆ ಬರ್ತೀಯ ಅಂದ್ಕೊಂಡಿದ್ರು."

ಅರ ನಿಂತಿತು.

ಆ ಹಾರ್ನ್ ನನಗೆ ಗೊತ್ತಿತ್ತು. ಸ್ವಲ್ಪ ಒಡೆದ ದನಿ, ಎರಡು ಸಲ, ನಡುವೆ ಒಂದು ಉಸಿರಿನಷ್ಟು ಬಿಡುವು. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ನೀನಿಲ್ಲದೆಯೂ ಗಾಡಿ ಓಡ್ತಾ ಇದೆ ನೋಡು ಅಂತ ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡಿದ್ದೆ. ಹಾರ್ನ್ ಕೇಳಿದ ಕೂಡಲೇ ಸ್ಟೂಲಿನಿಂದ ಎದ್ದು ಹೋಗಿ, ಕೆಲಸವಿರಲಿ ಬಿಡಲಿ, ಗ್ರೈಂಡರ್ ಹಾಕುತ್ತಿದ್ದೆ. ಅದರ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಡ್ರಾಯರ್ ಎಳೆದು ಬೆಂಕಿಪೊಟ್ಟಣ ತೆಗೆದೆ. ಬುಷ್ ಅಂಗೈಗೆ ಬಿತ್ತು.

"ಹೊಸದಾ?" ಎಂದರು ಅತ್ತಿಗೆ.

ಹೌದು ಅಂದಿದ್ದರೆ ಮುಗಿಯುತ್ತಿತ್ತು.

"ಹೊಸದೇ. ಆದ್ರೆ ಮೂರು ವರ್ಷದಿಂದ ಇಲ್ಲೇ ಇದೆ. ಅಣ್ಣ ಅವತ್ತು ಬಿಟ್ಟು ಹೋದದ್ದು. ಇದಿಲ್ದೆ ರಿವರ್ಸ್ ಬೀಳಲ್ಲ ಅಂತ ನನಗೆ ಗೊತ್ತಿತ್ತು ಅತ್ತಿಗೆ. ಬೇಕಂತಲೇ ಕಳಿಸಲಿಲ್ಲ."

ಅತ್ತಿಗೆ ಬುಷ್ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಕಿರುಬೆರಳಿಗೆ ಹಾಕಿ ನೋಡಿ, ತೆಗೆದು, ನನ್ನ ಕೈಗೇ ವಾಪಸು ಇಟ್ಟರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನೀನಾದ್ರೂ ನಡ್ಕೊಂಡು ಬರಬಹುದಿತ್ತು," ಎಂದರು. "ಓಣಿಯ ಈ ತುದಿಯಿಂದ ಆ ತುದಿಗೆ ಎಂಬತ್ತು ಹೆಜ್ಜೆ. ನಿಮ್ಮಣ್ಣ ಕೂತಲ್ಲೇ ಲೆಕ್ಕ ಹಾಕಿದ್ರು."

ಅವರು ಹೋಗಿ ಮತ್ತೆ ಎಣ್ಣೆ ಡಬ್ಬದ ಮೇಲೆ ಕೂತರು.

ಬುಷ್ಷಿಗೆ ಗ್ರೀಸ್ ಸವರಿ ರಾಡಿನ ತುದಿಗೆ ತೊಡಿಸಿದೆ. ಬಟ್ಟೆ ತೆಗೆದು, ಗೇರ್ ಪೆಟ್ಟಿಗೆಯೊಳಗೆ ಅಕ್ಕಪಕ್ಕ ಇರುವ ಮೂರು ಕಚ್ಚುಗಳನ್ನು ಸ್ಕ್ರೂಡ್ರೈವರಿನಿಂದ ಸರಿಸಿ ಒಂದೇ ಸಾಲಿಗೆ ತಂದೆ. ಮೂರೂ ಒಂದು ಸಾಲಿಗೆ ಬಂದರೆ ನ್ಯೂಟ್ರಲ್, ಆಗಲೇ ರಾಡು ಇಳಿಯುವುದು. ಎಷ್ಟೋ ನೂರು ಸಲ ಮಾಡಿದ ಕೆಲಸ. ಅವತ್ತು ಮೂರು ಸಲ ಕೈ ತಪ್ಪಿತು. ನಾಲ್ಕನೆಯ ಸಲ ಕೂತಿತು. ಸ್ಪ್ರಿಂಗ್ ಒತ್ತಿ ಹಿಡಿದು, ಮುಚ್ಚಳ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದೆ. ವಾಷರ್ ಇಲ್ಲದ್ದಕ್ಕೆ ವಾಷರ್ ಹಾಕಿದೆ. ಓರೆಯಾಗಿ ಹತ್ತಿದ್ದ ಬೋಲ್ಟನ್ನು ಬಿಸಾಡಲಾಗಲಿಲ್ಲ, ಜೇಬಿಗೆ ಹಾಕಿಕೊಂಡು ಅದರ ಜಾಗಕ್ಕೆ ಬೇರೆಯದನ್ನು ಹಾಕಿದೆ.

ಗೊಣಗ ಬಂದ. "ಆಯ್ತಾ ಮೇಸ್ತ್ರಿ? ತೆಗೀಲಾ ಗಾಡಿ?"

"ನಾನೇ ತೆಗೀತೀನಿ," ಎಂದು ಅಣ್ಣನ ಸೀಟಿಗೆ ಹತ್ತಿದೆ. ರಾಡಿನ ತಲೆಯ ಗುಂಡು ಅವನ ಅಂಗೈಯ ಹಳ್ಳಕ್ಕೆ ತಕ್ಕಂತೆ ಒಂದು ಬದಿಗೆ ಸವೆದಿತ್ತು, ನನ್ನ ಕೈಗೆ ಸರಿಹೊಂದಲಿಲ್ಲ. ಕ್ಲಚ್ ಒತ್ತಿ, ರಾಡನ್ನು ಆ ದೂರದ ಮೂಲೆಗೆ ಒಯ್ದೆ. ರಿವರ್ಸ್ ಬಿತ್ತು. ಎಷ್ಟು ಹಗುರವಾಗಿ ಬಿತ್ತೆಂದರೆ, ಬಿದ್ದದ್ದು ಹೌದೋ ಅಲ್ಲವೋ ಎಂದು ಇನ್ನೊಮ್ಮೆ ತೆಗೆದು ಹಾಕಿ ನೋಡಿದೆ.

ಅತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡು ಲಾರಿಯ ಹಿಂದಕ್ಕೆ ಹೋದರು. ಗೊಣಗ, "ಅಕ್ಕಾ, ನೀವು ಬಿಡಿ, ನಾನು ಹೇಳ್ತೀನಿ," ಎಂದ. ಅವರು ಕೇಳಿಸಿಕೊಳ್ಳಲಿಲ್ಲ.

"ಬರ್ಲಿ... ಬರ್ಲಿ..."

ಓಣಿಯ ಗೋಡೆಗಳು ಎರಡೂ ಕಡೆ ನಿಧಾನವಾಗಿ ಮುಂದಕ್ಕೆ ಸರಿದವು. ಓಣಿಯ ಬಾಯಿಗೆ ಬಂದಾಗ ಬ್ರೇಕ್ ಒತ್ತಿ ಎದುರು ನೋಡಿದೆ. ಸೀಟಿನ ಆ ಎತ್ತರದಿಂದ ನನ್ನ ಗ್ಯಾರೇಜು ಬಾಗಿಲಿನಿಂದ ಕೊನೆಯವರೆಗೆ ಕಾಣುತ್ತಿತ್ತು. ಮೇಜು ಕಂಡಿತು. ತೆರೆದೇ ಇದ್ದ ಡ್ರಾಯರ್ ಕಂಡಿತು. ನಾನು ಕೂರುವ ಸ್ಟೂಲು, ಅಲ್ಲಿಂದ ನಾಲ್ಕು ಹೆಜ್ಜೆ ಆಚೆಗೆ ಗ್ರೈಂಡರ್. ಹಾರ್ನ್ ಕೇಳಿದ ಕೂಡಲೇ ಎದ್ದು ಆ ಕಡೆಗೆ ನಡೆಯುವವನೂ ಅಣ್ಣನಿಗೆ ಇಲ್ಲಿಂದ ಚೆನ್ನಾಗಿಯೇ ಕಂಡಿರಬೇಕು.

ಹಿಂದೆ ಅತ್ತಿಗೆ ಇನ್ನೂ ಕೂಗುತ್ತಲೇ ಇದ್ದರು. "ಬರ್ಲಿ... ಬರ್ಲಿ..."